ಕಾಕಾ ಮತ್ತು ಅವರ ಕ್ಲೋರಿನ್

ನಮ್ಮ ಕಾಕಾನಷ್ಟು ಅಪಶಕುನದ ಮಾತಾಡುವವರು ಇಡೀ ಹೈದರಾಬಾದಿನಲ್ಲಿ ಇನ್ನೊಬ್ಬರಿರಲಿಲ್ಲ. ಅದಕ್ಕೇ ಅವರಿಗೆ ಸಂಬಳವೂ ಬರುತ್ತಿತ್ತು! ಊರ ಹೊರಗಿನ ವಿದ್ಯುತ್ ಸ್ಥಾವರವೊಂದರಲ್ಲಿ ಸುರಕ್ಷತಾ ಅಧಿಕಾರಿ. ಅಲ್ಲಿ ನೀರಿಗೆ ಬೆರೆಸಲು ಕ್ಲೋರಿನ್ ಅನಿಲದ ಸಿಲಿಂಡರುಗಳಿದ್ದವು. ಅವು ಸೋರಿದರೆ ಯಾರು ಎತ್ತ ಓಡಬೇಕು ಎಂದು ಯೋಚಿಸುವುದೇ ಅವರ ಕೆಲಸ. ವರ್ಷಗಟ್ಟಲೆ ಯೋಚಿಸಿದರು. ಸೋರಿದ್ದು ಕಾಕಾನ ತಲೆಯೊಂದೇ ಎಂದು ನಾವೆಲ್ಲ ನಂಬಿದ್ದೆವು.

ಹಿಮಾಯತ್‌ನಗರದಲ್ಲಿ ನನ್ನ ಅಣ್ಣನ ಮದುವೆ. ಅಕ್ಷತೆ ಬೀಳುವ ಮೊದಲೇ ಕಾಕಾ ಬೀಗರ ಹತ್ತಿರ ಹೋಗಿ, "ಹಿಂದಿನ ಬಾಗಿಲಾ ಎಲ್ಲೈತ್ರಿ? ಜಲ್ದಿ ಹೊರಗ ಹೋಗೂದಾದ್ರ ಹೆಂಗ?" ಎಂದು ಕೇಳಿದರು. ಗಂಡಿನ ಕಡೆಯವರು ಸಿಟ್ಟಾಗಿ ಹೊರಟರೆಂದೇ ತಿಳಿದ ಬೀಗರು ಕೈಮುಗಿದು, "ಏನರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ. ಊಟಾ ಮಾಡೇ ಹೋಗ್ರಿ" ಎಂದರು!

ಕಾಕಾನ ಹೆಂಡತಿ, ನಮ್ಮ ಕಾಕು, ಒಮ್ಮೆ ಅವರನ್ನು ಫಿನೈಲ್ ತರಲು ಬೇಗಂ ಬಜಾರ್‌ಗೆ ಕಳಿಸಿದರು. ಅಂಗಡಿಯಲ್ಲಿ ಆ್ಯಸಿಡ್ ಬಾಟಲಿ, ಬ್ಲೀಚಿಂಗ್ ಪೌಡರ್ ಒಂದೇ ಕಪಾಟಿನಲ್ಲಿದ್ದವಂತೆ. ಎರಡೂ ಕೂಡಿದರೆ ವಿಷದ ಗಾಳಿ ಏಳುತ್ತದೆಂದು ಅಂಗಡಿಯವನಿಗೆ ಪಾಠ ಹೇಳಿ, ಕಪಾಟನ್ನೆಲ್ಲ ತಾವೇ ಬೇರೆ ಬೇರೆ ಜೋಡಿಸಿ ಬಂದರು. ಫಿನೈಲ್ ಮಾತ್ರ ತರಲಿಲ್ಲ.

ಸಾಫ್ಟ್‌ವೇರ್ ಕಂಪನಿಗಳು ಅಣಬೆಯಂತೆ ಏಳುತ್ತಿದ್ದ ಕಾಲವದು. ನನಗೂ ಒಂದರಲ್ಲಿ ನೌಕರಿ ಸಿಕ್ಕಿತ್ತು. ಆ ಗಾಜಿನ ಕಟ್ಟಡ ತೋರಿಸಲು ಕಾಕಾನನ್ನು ಕರೆದೊಯ್ದೆ. ಅವರು ಗಾಜು ನೋಡಲಿಲ್ಲ, ಕ್ಯಾಂಟೀನ್ ನೋಡಲಿಲ್ಲ. ಎಂಟು ಮಹಡಿ ಮೆಟ್ಟಿಲಿಳಿದು, ಕೆಳಗಿನ ಬಾಗಿಲಿಗೆ ಕೀಲಿ ಜಡಿದದ್ದು ಕಂಡು, ಮತ್ತೆ ಎಂಟೂ ಹತ್ತಿ ಬಂದು, ಏದುಸಿರು ಬಿಡುತ್ತ ನನ್ನ ಮ್ಯಾನೇಜರಿಗೇ ದೂರು ಕೊಟ್ಟರು. "ಯಾರಿವರು?" ಎಂದು ಆತ ನನ್ನನ್ನು ಕೇಳಿದ. "ನಮ್ಮ ಓಣಿಯವರು" ಎಂದೆ. ಇನ್ನೇನು ಹೇಳಲಿ?

ಅವರು ನಿವೃತ್ತರಾದ ದಿನ ಕರೆತರಲು ಸ್ಥಾವರಕ್ಕೆ ನಾನೇ ಕಾರು ಒಯ್ದಿದ್ದೆ. ಗೇಟಿನ ಹೊರಗೆ ಯಾದಗಿರಿ ಕಡೆಯಿಂದ ದುಡಿಯಲು ಬಂದ ಕೂಲಿ ಹೆಂಗಸರು ಕಾದು ನಿಂತಿದ್ದರು. ಅವರಲ್ಲೊಬ್ಬಳು ಕಾಕಾನ ಕಾಲು ಮುಟ್ಟಿ, ನನ್ನ ಕಡೆ ತಿರುಗಿದಳು.

"ಹೋದ ವರ್ಷ ಗ್ಯಾಸ್ ಸೋರಿದಾಗ ಸಾಹೇಬ್ರು ಕಲಿಸಿದ್ಹಂಗ ಎತ್ತರದ ಕಡೆ ಓಡಿ ಉಳಕೊಂಡ್ವಿರಿ. ನಮ್ಮತ್ತಿಗೆ ಕಿವಿ ಕೇಳಂಗಿಲ್ಲ, ಶೆಡ್ಡಿನ್ಯಾಗ ಮಲಗಿದ್ಲು. ಇವ್ರು ತಲಿ ಎಣಿಸಿ, ಒಬ್ಬಾಕಿ ಕಮ್ಮಿ ಅದಾಳ ಅಂತ ಒಳಗ ಹೋದ್ರು. ತಮ್ಮ ಮಾಸ್ಕ್ ಆಕಿಗೆ ಹಾಕಿ ಹೊತ್ಕೊಂಡ ಬಂದ್ರು. ನಾಕ ದಿನ ದವಾಖಾನ್ಯಾಗ ಇದ್ರಲ್ರಿ."

ಆ ನಾಲ್ಕು ದಿನ ಸಿಕಂದರಾಬಾದಿನಲ್ಲಿ ಟ್ರೇನಿಂಗ್ ಇದೆಯೆಂದು ಕಾಕಾ ಮನೆಯಲ್ಲಿ ಹೇಳಿದ್ದರು.

ದಾರಿಯಲ್ಲಿ ಕೇಳಿದೆ, "ಯಾಕ ಹೇಳಲಿಲ್ಲ ಕಾಕಾ?"

"ಹೇಳಿದ್ರ ನಿಮ್ಮ ಕಾಕು ಮತ್ತ ಕೆಲಸಕ್ಕ ಬಿಡ್ತಿದ್ಲೇನು?" ಎಂದರು. ಆಮೇಲೆ ಮೆಲ್ಲಗೆ ಅಂದರು, "ನನಗೂ ಭಾಳ ಹೆದರಿಕಿ ಆಗಿತ್ತಪಾ."

ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಅವರ ಕೈ ಹಿಡಿದೆ. ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾಯ್ದು ಹೋದವು. ಇಂಥ ಕಡೆ ಗಾಡಿ ನಿಲ್ಲಿಸಬಾರದು ಎಂದು ಕಾಕಾ ಹೇಳಲಿಲ್ಲ.