ಕೋಳಿ ಊಟದ ಬಾಣ

೨೦೨೪ರ ನವೆಂಬರ್ ೧೮, ಸೋಮವಾರ, ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಎಂಜಿನಿಯರ್ ದಿನಕರ ಹೆಗಡೆ ಅರಬೈಲಿನಲ್ಲಿ ಕಟ್ಟುತ್ತಿದ್ದ ಸಮುದಾಯ ಭವನದ ಗೋಡೆಗೆ ಒಂದು ನಕ್ಷೆ ಅಂಟಿಸಿದ. ಒಂದೊಂದು ಕೆಲಸಕ್ಕೆ ಒಂದೊಂದು ಉದ್ದನೆಯ ಪಟ್ಟಿ. ಯಾವುದು ಮುಗಿದರೆ ಯಾವುದು ಶುರು ಎಂದು ತೋರಿಸಲು ಪಟ್ಟಿಯಿಂದ ಪಟ್ಟಿಗೆ ಬಾಣ. ಯಾರು ಬಂದು ನಿಂತರೂ ಕೆಲಸ ನಡೆಸಬಲ್ಲಂಥ ನಕ್ಷೆ ಮಾಡಿಕೊಟ್ಟರೆ ಅವನನ್ನು ಸಿದ್ದಾಪುರದ ಕೆಲಸಕ್ಕೆ ಕಳಿಸುವುದಾಗಿ ಗುತ್ತಿಗೆದಾರ ಶಶಾಂಕ ಭಟ್ಟರು ಮಾತು ಕೊಟ್ಟಿದ್ದರು. ಅವನ ಮನೆ ಅಲ್ಲಿ. ವಾರಕ್ಕೊಮ್ಮೆ ಕಾಣುವ ಅಪ್ಪನನ್ನು ಪುಟ್ಟ ಮಗಳು ಮೇಧಾ ಈಚೆಗೆ 'ಮಾಮಾ' ಎನ್ನತೊಡಗಿದ್ದಳು.

ಭಟ್ಟರು ನಾಲ್ಕು ಗಂಟೆಗೆ ಬರುವವರಿದ್ದರು.

ಮೊದಲ ತಕರಾರು ಮೇಸ್ತ್ರಿ ಬಸವರಾಜನದು. "ಸಾಹೇಬ್ರ, ಸ್ಲ್ಯಾಬಿಗಿಂತ ಮೊದ್ಲ ಕೋಳಿ ಊಟದ ಬಾಣ ಎಲ್ಲೈತ್ರಿ? ಒಲಿ ಮ್ಯಾಲ ಕೋಳಿ ಕುದಿಯೂದು ಕಾಣದ ನಮ್ಮ ಮಂದಿ ಒಂದು ಬುಟ್ಟಿ ಕಾಂಕ್ರೀಟ್ ಎತ್ತಂಗಿಲ್ಲ."

ಮೊಟ್ಟೆಯನ್ನೂ ಮುಟ್ಟದ ದಿನಕರ 'ಕೋಳಿ' ಎಂದು ಪಟ್ಟಿ ಬರೆದು ಸ್ಲ್ಯಾಬಿಗೆ ಬಾಣ ಎಳೆದ.

ಅಡುಗೆಯ ದುರ್ಗಮ್ಮ ಸೌಟು ಹಿಡಿದೇ ಬಂದಳು. "ಹೆಗಡೇರೇ, ಮೊದ್ಲೇ ಉಂಡ್ರೆ ಇವ್ರು ಹೆಬ್ಬಾವಿನ ಹಾಗೆ ಬಿದ್ಕೊಳ್ತಾರೆ. ಸ್ಲ್ಯಾಬ್ ಮುಗೀಲಿ, ಆಮೇಲೆ ಒಲೆ ಹಚ್ತೆ."

ದಿನಕರ ಆ ಬಾಣವನ್ನೂ ಎಳೆದ. ನಕ್ಷೆಯಲ್ಲಿ ಸ್ಲ್ಯಾಬು ಕೋಳಿಗಾಗಿ, ಕೋಳಿ ಸ್ಲ್ಯಾಬಿಗಾಗಿ ಕಾಯುತ್ತ ನಿಂತವು.

ಅಷ್ಟರಲ್ಲಿ ವೈರಿಂಗಿನ ಉಲ್ಲಾಸ, "ಕಂಬಿ ಕಟ್ಟದೇ ನಾ ಪೈಪ್ ಎಲ್ಲಿ ಹಾಕೂದು ಮಾರಾಯ್ರೆ?" ಎಂದ.

"ಪೈಪ್ ಬರೂತನಕ ಕಂಬಿ ಕಟ್ಟಂಗಿಲ್ಲ. ಹೋದ ಸಲ ಕಟ್ಟಿದ್ದೆಲ್ಲ ಬಿಚ್ಚಿಸ್ಲಿಲ್ಲೇನಲೇ?" ಬಸವರಾಜ ತೋಳೇರಿಸಿದ.

ಮೂರು ಗಂಟೆಗೆ ನಕ್ಷೆ ಕೆದಕಿದ ಇರುವೆ ಗೂಡಿನಂತಾಗಿತ್ತು. ಬೆವರೊರೆಸಿಕೊಂಡು ದಿನಕರ ಜಗಳದ ಬಾಣಗಳನ್ನೆಲ್ಲ ಅಳಿಸಿದ. ಕೆಳಗೆ ಒಂದು ಉದ್ದ ಪಟ್ಟಿ ಎಳೆದು, 'ದಿನಕರ ನೋಡಿ ಹೇಳುವುದು' ಎಂದು ಬರೆದ. ಕೋಳಿಗೂ ಸ್ಲ್ಯಾಬಿಗೂ, ಕಂಬಿಗೂ ಪೈಪಿಗೂ ಅಲ್ಲಿಂದಲೇ ಬಾಣ ಬಿಟ್ಟ.

"ಈಗ ಆತು ನೋಡ್ರಿ! ಮರಳಿಗೂ ಹಂಗ ಹಾಕಿಬಿಡ್ರಿ," ಎಂದ ಬಸವರಾಜ. ದಿನಕರ ಹಾಕಿದ. ಉಳಿದ ಕೆಲಸಗಳಿಗೂ ಹಾಕಿದ.

ನಾಲ್ಕೂ ಹತ್ತಕ್ಕೆ ಭಟ್ಟರು ಬಂದರು. ಒಂದೊಂದು ಬಾಣದ ಮೇಲೂ ಬೆರಳಾಡಿಸಿದರು. "ಎಂತಾ ಚಂದ ಮಾಡಿದ್ದೆ ಮಾರಾಯಾ! ಎಲ್ಲೂ ತಕರಾರೇ ಇಲ್ಲೆ."

ದಿನಕರನ ಮನಸ್ಸು ಆಗಲೇ ಸಿದ್ದಾಪುರದ ಬಸ್ಸು ಹತ್ತಿತ್ತು. "ಹಂಗಾರೆ ಆನು ಯಾವಾಗ ಹೊರಡವು?"

"ಎಲ್ಲಿಗೆ? ಎಲ್ಲಾ ಬಾಣನೂ ನಿನ್ನಿಂದ್ಲೇ ಹೊರಟಿದ್ದು. ನೀ ಹೋದ್ರೆ ಕೋಳಿನೂ ಬೇಯ್ತಿಲ್ಲೆ, ಸ್ಲ್ಯಾಬೂ ಬೀಳ್ತಿಲ್ಲೆ. ಸಿದ್ದಾಪುರಕ್ಕೆ ಬೇರೆಯವ್ರನ್ನ ಕಳಿಸ್ತೆ."

ಭಟ್ಟರ ಕಾರು ಘಟ್ಟ ಹತ್ತಿದ ಮೇಲೆ ದಿನಕರ ಸ್ಕೇಲು ತೆಗೆದು ತನ್ನ ಹೆಸರಿದ್ದ ಪಟ್ಟಿಯನ್ನು ಅಳೆದ. ನಕ್ಷೆಯ ಲೆಕ್ಕದಲ್ಲಿ ವಾರಕ್ಕೆ ಒಂದು ಸೆಂಟಿಮೀಟರ್; ಪಟ್ಟಿ ನಲವತ್ತೊಂದೂವರೆ ಸೆಂಟಿಮೀಟರ್ ಇತ್ತು.