ತೊರಗಲ್ಲ ಸಾಹೇಬರ ಕೆಂಪು ಕುರ್ಚಿಯ ಮಹಾಸಮರ

ಲೋಕದ ಹೊಟ್ಟೆಯನ್ನು ಗಾಲಿಗಳ ಮೇಲೆ ಹೊತ್ತು ತಿರುಗಿಸುವ ಹೆದ್ದಾರಿಯ ಅಧಿದೇವತೆಯೇ, ಮೈಲುಗಲ್ಲುಗಳನ್ನೇ ಜಪಮಾಲೆಯಾಗಿ ಎಣಿಸುವವಳೇ, ಧೂಳೇ ವಿಭೂತಿಯಾದವಳೇ, ಈ ಕಥೆ ಹೇಳುವವನ ನಾಲಿಗೆಗೆ ಬ್ರೇಕು ತಪ್ಪದಂತೆ ಕಾಯು. ಕೃತಯುಗದಲ್ಲಿ ಮನುಷ್ಯರು ತಪಸ್ಸಿಗೆ ನಿಂತರು. ತ್ರೇತೆಯಲ್ಲಿ ಕೊಟ್ಟ ಮಾತಿಗೆ ನಿಂತರು. ದ್ವಾಪರದಲ್ಲಿ ಯುದ್ಧಕ್ಕೆ ನಿಂತರು. ಕಲಿಯುಗದ ಈ ಡೀಸೆಲ್ ಪರ್ವದಲ್ಲಿ ಲೋಡಿಗಾಗಿ ನಿಂತರು. ಹಾಗೆ ನಿಂತು ನಿಂತು, ಕೊನೆಗೊಂದು ದಿನ ಕುಳಿತ ವೀರನ ಕಥೆಯಿದು. ಕೇಳುವವರು ಕುಳಿತೇ ಕೇಳಬಹುದು.

ಆ ವೀರನ ಹೆಸರು ಗದಿಗೆಪ್ಪ. ಅಣ್ಣಿಗೇರಿ ಸೀಮೆಯ ಎರೆಮಣ್ಣಿನಲ್ಲಿ ಏಳು ವರ್ಷ ಬಾಡಿಗೆ ಟ್ರ್ಯಾಕ್ಟರ್ ಓಡಿಸಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಭಾರಿ ವಾಹನದ ಲೈಸೆನ್ಸೆಂಬ ದಿವ್ಯಾಸ್ತ್ರವನ್ನು ಸಂಪಾದಿಸಿದ ಆ ಸ್ಟಿಯರಿಂಗ್-ಚಕ್ರಪಾಣಿ, ಕ್ಲಚ್-ಮರ್ದನ-ಪ್ರವೀಣ, ಹುಬ್ಬಳ್ಳಿಯ ಬೈಪಾಸಿನ ಬದಿಗೆ ಹರಡಿಕೊಂಡಿದ್ದ ಮೇರುಶಿಖರ ಲಾಜಿಸ್ಟಿಕ್ಸ್ ಎಂಬ ಎರಡು ಸಾವಿರ ಲಾರಿಗಳ ಸಾಮ್ರಾಜ್ಯದ ಹೆಬ್ಬಾಗಿಲಿಗೆ ಬಂದು ನಿಂತದ್ದು ಒಂದು ಜಾಹೀರಾತನ್ನು ಓದಿ. ಹೊಸ ಡ್ರೈವರುಗಳಿಗೆ ತಿಂಗಳಿಗೆ ಮೂವತ್ತು ಸಾವಿರದವರೆಗೆ ಸಂಬಳ ಎಂದು ಅದರಲ್ಲಿ ಬರೆದಿತ್ತು. 'ವರೆಗೆ' ಎಂಬ ಆ ಮೂರಕ್ಷರದ ಹೊಟ್ಟೆಯಲ್ಲಿ ಎಂಥ ಪಾತಾಳವಿದೆಯೆಂಬುದನ್ನು ಜಾಹೀರಾತು ಹೇಳಲಿಲ್ಲ, ಗದಿಗೆಪ್ಪ ಕೇಳಲಿಲ್ಲ.

ಪಾತಾಳದ ಆಳ ಸೇರಿದ ಮೇಲೆ ತಿಳಿಯಿತು. ಮೊದಲ ಆರು ತಿಂಗಳು ಹೊಸಬನಿಗೆ ಓಡಿಸಿದ ಕಿಲೋಮೀಟರಿಗಷ್ಟೇ ಪಗಾರ. ಗಾಲಿ ತಿರುಗಿದರೆ ದುಡಿಮೆ, ನಿಂತರೆ ಅದು ವಿಶ್ರಾಂತಿ. ಆ ಆರು ತಿಂಗಳು ಅವನ ಮೂಲ ಲೈಸೆನ್ಸು ಕಂಪನಿಯ ಕಬ್ಬಿಣದ ಕಪಾಟಿನಲ್ಲಿ ಸೆರೆವಾಸ ಅನುಭವಿಸತಕ್ಕದ್ದು. ಅವನ ಕೈಗೆ ಅದರ ನೆರಳಚ್ಚು ಮಾತ್ರ. ಹೊಸ ಗಾಡಿಗಳು ಖಾಯಂ ಡ್ರೈವರುಗಳಿಗೆ. ಹೊಸಬರಿಗೆ ಸಿಕ್ಕುವುದು ಹಲವು ಹೊಸಬರನ್ನು ಕಂಡು ಹಣ್ಣಾದ ಗಾಡಿ. ಗದಿಗೆಪ್ಪನ ಪಾಲಿಗೆ ಬಂದ ಹತ್ತು ಗಾಲಿಯ ಲಾರಿಯ ಸೀಟಂತೂ ರೆಗ್ಜಿನ್ ಹರಿದು, ಸ್ಪಂಜು ಸವೆದು, ಒಳಗಿನ ಒಂದು ಸ್ಪ್ರಿಂಗು ಶರಪಂಜರದಿಂದ ತಲೆಯೆತ್ತಿದ ಏಕಾಂಗಿ ಬಾಣದಂತೆ ಚಾಲಕನ ದಾರಿ ಕಾಯುತ್ತಿತ್ತು.

ಇಂತಿರಲು, ಏಪ್ರಿಲ್ ತಿಂಗಳ ಒಂದು ಗುರುವಾರ. ಗದಿಗೆಪ್ಪ ಕಂಪನಿಯ ಯಾರ್ಡಿನಲ್ಲಿ ಲೋಡಿಗೆ ಕಾಯುತ್ತಿದ್ದ ಮೂರನೆಯ ದಿನ. ಹೊಸಬರು ಕಾಯುವ ತಗಡಿನ ಶೆಡ್ಡಿನಲ್ಲಿ ಕೂಡಲು ಏನೂ ಇರಲಿಲ್ಲ; ನೆಲವು ಹೆಂಚಿನಂತೆ ಕಾದು, ಕುಳಿತವನನ್ನು ತಾನೇ ಎಬ್ಬಿಸುತ್ತಿತ್ತು. ಕ್ಯಾಬಿನ್ನಿನಲ್ಲಿ ಆ ಸ್ಪ್ರಿಂಗು. ಯಾವ ಕ್ಷಣದಲ್ಲಾದರೂ ಲೋಡು ಬಂದೀತೆಂದು ಗೇಟಿನಾಚೆ ಹೋಗಲು ಅಪ್ಪಣೆಯಿಲ್ಲ. ಆ ತಿಂಗಳ ಇಪ್ಪತ್ತೆರಡು ದಿನಗಳಲ್ಲಿ ಗಾಲಿ ತಿರುಗಿದ್ದು ಒಂಬತ್ತೇ ದಿನ. ಮಧ್ಯಾಹ್ನ ಹೆಂಡತಿ ಕಸ್ತೂರವ್ವ ಫೋನು ಮಾಡಿದಳು.

"ಎಲ್ಲದೀರಿ?"

"ಯಾರ್ಡಿನಾಗ."

"ಇನ್ನೂ ಅಲ್ಲೇ? ಗಾಡಿ ಕೆಟ್ಟೈತೇನು?"

"ಗಾಡಿ ಛಲೋ ಐತಿ. ನಿಂತೈತಿ."

"ಮತ್ತ ನೀವು?"

"ನಾನೂ ನಿಂತೇನಿ."

ಆ ಕಡೆ ಕಸ್ತೂರವ್ವ 'ಹೂಂ' ಎಂದಷ್ಟೇ ಹೇಳಿ ಫೋನಿಟ್ಟಳು. ಬೈದಿದ್ದರೆ ಗದಿಗೆಪ್ಪ ತಡೆದುಕೊಳ್ಳುತ್ತಿದ್ದ. ಆ 'ಹೂಂ' ತಡೆಯಲಾರದೆ ಫೋನನ್ನು ಕಿಸೆಗಿಟ್ಟು, ಮೊಣಕಾಲು ನೀವಿಕೊಂಡು, ಲೋಡಿನ ಸುದ್ದಿ ಕೇಳಲು ನೇರ ಆಫೀಸಿಗೆ ನಡೆದ.

ಆಫೀಸು ಯಾರ್ಡಿನ ಅಧಿಪತಿ ತೊರಗಲ್ಲ ಸಾಹೇಬರ ಆಸ್ಥಾನ. ಕಿಲೋಮೀಟರ್-ಗಣನ-ಧುರಂಧರ, ಪಾಳಿಪುಸ್ತಕ-ಪಾಲಕ, ಎಲೆಯಡಿಕೆ-ರಂಜಿತ-ಅಧರರಾದ ಆ ಮಹಾನುಭಾವರು ಆಗ ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋಗಿದ್ದರು. ಮೇಜಿನ ಮುಂದೆ ಒಂದು ಕುರ್ಚಿ. ಕೆಂಪು ಪ್ಲಾಸ್ಟಿಕ್ಕಿನದು, ಎಡಗೈ ಸೀಳಿ ತಂತಿಯಿಂದ ಕಟ್ಟಿಸಿಕೊಂಡದ್ದು. ಮೇಲೆ ಒಂದು ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಇಂದ್ರಪದವಿಯೇ ಎದುರಿಗೆ ಖಾಲಿಯಾಗಿ ನಿಂತಂತೆ ಕಂಡು, ಸವಾಲು ಹಾಕುವ ಯಾವ ಉದ್ದೇಶವೂ ಇಲ್ಲದೆ, ಕಾಲು ಸೋತದ್ದರಿಂದ ಮಾತ್ರ, ಗದಿಗೆಪ್ಪ ಕುಳಿತುಬಿಟ್ಟ.

ತೊರಗಲ್ಲರು ಬಾಯಿ ಒರೆಸಿಕೊಳ್ಳುತ್ತ ಬಂದರು. ಕಂಡರು.

"ಏಳಲೇ ತಮ್ಮಾ. ಅದು ಬಂದವ್ರು ಕೂಡೋ ಕುರ್ಚಿ."

"ನಾನೂ ಬಂದಾಂವನರಿ ಸಾಹೇಬ್ರ. ಮೂರು ದಿವಸಾತು ಬಂದು."

"ಡ್ರೈವರಾದಾಂವ ಆಫೀಸಿನಾಗ ನಿಂತು ಮಾತಾಡಬೇಕು. ಇದು ಪದ್ಧತಿ."

"ಹೊರಗ ನಿಂತೇನ್ರಿ. ನಿಂತದ್ದಕ್ಕ ಪಗಾರಿಲ್ಲ ಅಂದ್ರಿ. ಪಗಾರಿಲ್ಲದ ಕೆಲಸಾನ ಒಳಗೂ ಯಾಕ ಮಾಡ್ಲಿ?"

ಈ ಉತ್ತರವನ್ನು ಕೇಳಿ ದಿಕ್ಪಾಲಕರು ಎಂಟೂ ದಿಕ್ಕಿನಿಂದ ಕತ್ತು ಚಾಚಿದರು. ಅವರಿಗಿಂತ ಮೊದಲೇ ಶೆಡ್ಡಿನ ಇಪ್ಪತ್ತು ಜನ ಹೊಸ ಡ್ರೈವರುಗಳು ಕಿಟಕಿಯ ಸರಳಿಗೆ ಮುಖ ಒತ್ತಿದ್ದರು. ಮಾತು ಬಾಯಿಂದ ಬಿದ್ದ ಮೇಲೆಯೇ ಗದಿಗೆಪ್ಪನಿಗೆ ತಾನೇನೋ ದೊಡ್ಡದನ್ನು ಶುರು ಮಾಡಿದೆನೆಂದು ಹೊಳೆದದ್ದು. ಎದ್ದುಬಿಡಬಹುದಿತ್ತು. ಆದರೆ ಕಿಟಕಿಯ ತುಂಬ ಮುಖಗಳು. ಕುರ್ಚಿಯ ಸೀಳಿದ ಕೈಯನ್ನು ಹಿಡಿದು ಇನ್ನಷ್ಟು ಒಳಕ್ಕೆ ಸರಿದ.

ತೊರಗಲ್ಲರು ಮೇಜನ್ನು ಮುಷ್ಟಿಯಿಂದ ಒಮ್ಮೆ ತಾಡಿಸಿ, ಕುಳಿತವನ ಎದುರು ತಾವು ಕೂಡುವುದು ಸರಿಯಲ್ಲವೆಂದು ನಿಂತೇ, ಮೇಘಗಂಭೀರ ಧ್ವನಿಯಲ್ಲಿ ತಮ್ಮ ಪರಾಕ್ರಮವನ್ನು ಸಾರಿದರು.

"ನಾನೂ ಇದ ಕಂಪನಿಗೆ ಡ್ರೈವರ್ ಆಗಿ ಬಂದಾಂವ. ಗುಜರಾತ ಕಡೆ ಬಂದರದಾಗ ಹನ್ನೊಂದು ದಿವಸ ನಿಂತೇನಿ. ಬಿಸಲಾಗ ನಿಂತೇನಿ, ಮಳಿಯಾಗ ನಿಂತೇನಿ. ಉಳ್ಳಾಗಡ್ಡಿ ಲೋಡು ಮೊಳಕಿ ಒಡದು ಮ್ಯಾಲ ಹೊಚ್ಚಿದ ತಾಡಪತ್ರಿ ಎತ್ತಾಕ ಹತ್ತಿತ್ತು, ಆದ್ರೂ ನಿಂತೇನಿ. ಒಂದ ಒಂದು ಮಾತಾಡಲಿಲ್ಲ."

"ಅವತ್ತ ನೀವು ಒಂದು ಮಾತಾಡಿದ್ರ," ಎಂದ ಗದಿಗೆಪ್ಪ, "ಇವತ್ತ ನಾ ಇಲ್ಲಿ ಕೂಡೂದು ತಪ್ಪತಿತ್ತರಿ."

ತೊರಗಲ್ಲರ ಹುಬ್ಬು ಮೇಲಕ್ಕೇರಿ ಅಲ್ಲೇ ನಿಂತಿತು. ಆಗ ಗದಿಗೆಪ್ಪನೂ ಎದೆಯುಬ್ಬಿಸಿ ವೀರಾಲಾಪಕ್ಕೆ ತೊಡಗಿದ.

"ಕೆಸರಾಗ ಹೂತ ಟ್ರ್ಯಾಕ್ಟರ್ ಒಬ್ನ ಎತ್ತೇನ್ರಿ. ಘಾಟಿನಾಗ ಬ್ರೇಕ್ ಬಿಸಿಯಾದ್ರ ಗೇರಿನ ಮ್ಯಾಲ ಗಾಡಿ ಇಳಿಸೇನ್ರಿ. ನಿಮ್ಮ ಆ ಸ್ಪ್ರಿಂಗಿನ ಮ್ಯಾಲ ಕೂತು ಸೊಲ್ಲಾಪುರ ಮುಟ್ಟಿ ಬಂದೇನ್ರಿ. ಹೆದರಸಬ್ಯಾಡ್ರಿ. ನಿಂತ ದಿವಸಕ್ಕೂ ಏನರ ಕೊಡ್ತೀವಿ ಅನ್ರಿ, ಏಳ್ತೇನಿ."

ಹಿರಿಯ ಡ್ರೈವರ್ ಬುಡನಸಾಬರು ಒಳಗೆ ಬಂದದ್ದು ಆಗ. ಇಪ್ಪತ್ತಾರು ವರ್ಷ ಗಾಡಿ ನಡೆಸಿ, ಸೊಂಟನೋವಿನಿಂದ ಆ ವಾರ ರಜೆಯ ಮೇಲಿದ್ದ ಅವರು ಗದಿಗೆಪ್ಪನ ಕಿವಿಯ ಬಳಿ ಬಾಗಿ ಮೆಲ್ಲಗೆ ಹೇಳಿದರು.

"ಎದ್ದಬಿಡಪಾ. ನಿನ್ನ ಲೈಸೆನ್ಸು ಅವರ ಕಪಾಟಿನಾಗೈತಿ. ನೌಕರಿ ಹೋದ್ರ ಅದನ್ನ ಬಿಡಿಸ್ಕೊಳ್ಳೂದಕ್ಕ ಮೂರು ತಿಂಗಳು ಅಡ್ಡಾಡಸ್ತಾರ."

ಗದಿಗೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೂರು ತಿಂಗಳು ಯಾವ ಗಾಡಿಯನ್ನೂ ಮುಟ್ಟುವಂತಿಲ್ಲ. ಟ್ರ್ಯಾಕ್ಟರ್ ಕೂಡ ಈಗ ಬೇರೆಯವನ ಕೈಯಲ್ಲಿದೆ. 'ಹೂಂ' ಎಂದು ಫೋನಿಟ್ಟ ಹೆಂಡತಿ ನೆನಪಾದಳು. ಏಳಬೇಕೆಂದೇ ಎರಡೂ ಕೈ ಊರಿದ.

"ಕಾಕಾ," ಎಂದ ಕೊನೆಗೆ, "ಏಳಾಕ ನೋಡಾಕತ್ತೇನಿ. ಕಾಲು ಒಲ್ಲೆ ಅಂತಾವು."

ಇದು ವೀರವಾಕ್ಯವಾಗಿರಲಿಲ್ಲ, ಬರಿಯ ನಿಜವಾಗಿತ್ತು. ಆದರೆ ಕಿಟಕಿಯಾಚೆಯ ಸೇನೆಗೆ ಅದು ಸಿಂಹನಾದದಂತೆ ಕೇಳಿ, ಯಾರೋ ಸರಳಿನ ಸಂದಿನಿಂದ ನೀರಿನ ಬಾಟಲಿ ಒಳಗೆ ತೂರಿಸಿದರು.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಮೊಳಗಿತು. ಮುಖ್ಯ ಕಚೇರಿ. ಗೋದಾಮಿನಲ್ಲಿ ಹದಿನಾರು ಟನ್ ಬಿಸ್ಕೀಟು ಸಿದ್ಧವಾಗಿದೆ, ನಾಲ್ಕು ಗಂಟೆಗೆ ವಿಜಯವಾಡದ ದಾರಿ ಹಿಡಿಯದಿದ್ದರೆ ಗಿರಾಕಿ ಕೈಬಿಡುತ್ತಾನೆ. ತೊರಗಲ್ಲರು ಪಾಳಿಪುಸ್ತಕವನ್ನು ಮಗುಚಿದರು. ಆಂಧ್ರದ ಪರ್ಮಿಟ್ಟಿದ್ದ ಗಾಡಿ ಯಾರ್ಡಿನಲ್ಲಿ ಒಂದೇ ಇತ್ತು. ಅದರ ಸಾರಥಿ ಕೆಂಪು ಕುರ್ಚಿಯಲ್ಲಿದ್ದ. ಸೊಂಟ ಹಿಡಿದ ಬುಡನಸಾಬರನ್ನು ಬಿಟ್ಟರೆ ಖಾಯಂ ಡ್ರೈವರುಗಳೆಲ್ಲ ದಾರಿಯ ಮೇಲಿದ್ದರು. ಕಿಟಕಿಯಲ್ಲಿದ್ದ ಇಪ್ಪತ್ತು ಮುಖಗಳನ್ನು ನೋಡಿದರೆ, ಅವು ಒಂದೊಂದಾಗಿ ಆಕಾಶವನ್ನು ಪರೀಕ್ಷಿಸತೊಡಗಿದವು.

"ನಾನ ಒಯ್ತೇನಿ," ಎಂದರು ತೊರಗಲ್ಲರು. "ಡ್ರೈವಿಂಗ್ ಏನು ಮರತಿಲ್ಲ ನಾ."

ಪಂಚೆ ಬಿಗಿದು ರಣಕ್ಕೆ ಹೊರಡುವ ಅರಸನಂತೆ ಬೆಲ್ಟನ್ನು ಒಂದು ರಂಧ್ರ ಬಿಗಿ ಮಾಡಿಕೊಂಡು, ಪರಿವಾರಸಮೇತ ಯಾರ್ಡನ್ನು ದಾಟಿ, ಹತ್ತು ಗಾಲಿಯ ರಥವನ್ನೇರಿ, ಬಾಗಿಲನ್ನು ಧಡಾರನೆ ಎಳೆದು, ಅವರು ಸೀಟಿನ ಮೇಲೆ ತಮ್ಮ ಸಮಸ್ತ ಗೌರವದೊಡನೆ ಆಸೀನರಾದರು. ಅರ್ಧ ನಿಮಿಷ ಏನೂ ಕೇಳಲಿಲ್ಲ. ಆಮೇಲೆ ಬಾಗಿಲು ತೆರೆಯಿತು. ಸಾಹೇಬರು ಇಳಿದರು, ಏರಿದ್ದಕ್ಕಿಂತ ಬೇಗ ಇಳಿದರು. ಪ್ಯಾಂಟಿನ ಹಿಂಬದಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಆಫೀಸಿಗೆ ಬಂದರು.

"ಆ ಸೀಟಿನ ಮ್ಯಾಲ ಸೊಲ್ಲಾಪುರಕ್ಕ ಹೋಗಿ ಬಂದೀಯಾ?"

"ಎರಡು ಸಲರಿ."

ತೊರಗಲ್ಲರು ಫೋನೆತ್ತಿ, ಬೆನ್ನು ತಿರುಗಿಸಿ, ಮುಖ್ಯ ಕಚೇರಿಯೊಂದಿಗೆ ಮುಕ್ಕಾಲು ಗಂಟೆ ಮಾತಾಡಿದರು. ಮಧ್ಯೆ ಒಮ್ಮೆ, "ಇಲ್ಲರಿ, ಅಂವ ಏಳವಲ್ಲ. ನಾನೂ ಏಳಂಗಿಲ್ಲ ಅವನ ಜಾಗದಾಗಿದ್ರ," ಎಂದದ್ದು ಎಲ್ಲರಿಗೂ ಕೇಳಿಸಿತು. ಕೊನೆಗೆ ಒಂದು ಕಾಗದ ಬರೆದು, ಠಸ್ಸೆ ಒತ್ತಿ, ಬುಡನಸಾಬರ ಕೈಯಿಂದ ಓದಿಸಿದರು. ಆ ಶಾಸನದ ಪಾಠ ಇಂತಿತ್ತು:

"ಲೋಡಿಗಾಗಿ ಯಾರ್ಡಿನಲ್ಲಿ ಸತತ ಹನ್ನೆರಡು ಗಂಟೆ ಪೂರ್ತಿ ಕಾಯ್ದ ಹೊಸ ಚಾಲಕರಿಗೆ ಒಂದು ಊಟದ ಚೀಟಿ ಕೊಡತಕ್ಕದ್ದು. ಹೊಸ ಚಾಲಕರ ಶೆಡ್ಡಿಗೆ ಒಂದು ಕುರ್ಚಿ ಒದಗಿಸತಕ್ಕದ್ದು. ಕಾಯ್ದ ದಿನದ ಪಗಾರ ಹಾಗೂ ಲೈಸೆನ್ಸಿನ ವಿಷಯವನ್ನು ಮೇಲಿನವರು ವಿಚಾರ ಮಾಡತಕ್ಕದ್ದು."

"ಮತ್ತ ಸೀಟು?" ಎಂದ ಗದಿಗೆಪ್ಪ.

"ಸ್ಪ್ರಿಂಗು ಈಗ ತಗಸ್ತೇನಿ. ಅದಕ್ಕ ಯಾರನ್ನೂ ಕೇಳಬೇಕಾಗಿಲ್ಲ."

ಗದಿಗೆಪ್ಪ ಎದ್ದ. ಕಾಲು ಈ ಸಲ ಒಪ್ಪಿತು. ಒದಗಿಸತಕ್ಕ ಕುರ್ಚಿ ಬೇರೆ ಇಲ್ಲದ್ದರಿಂದ ಆ ಕೆಂಪು ಕುರ್ಚಿಯನ್ನೇ ಹೊಸಬರು ತಲೆಯ ಮೇಲೆ ಹೊತ್ತು, ಯಾರ್ಡನ್ನು ಒಂದು ಸುತ್ತು ಹಾಕಿಸಿ, ಶೆಡ್ಡಿನ ನಡುವೆ ಪ್ರತಿಷ್ಠಾಪಿಸಿದರು. ಇಪ್ಪತ್ತು ಜನರಿಗೆ ಒಂದೇ ಪೀಠವಾದ್ದರಿಂದ ಸಂಜೆಯೊಳಗೆ ಅದಕ್ಕೂ ಒಂದು ಪಾಳಿಪುಸ್ತಕ ಶುರುವಾಯಿತು. ಗದಿಗೆಪ್ಪ ಅಷ್ಟು ಹೊತ್ತಿಗೆ ಬಿಸ್ಕೀಟು ಹೊತ್ತು ಗದಗ ದಾಟಿದ್ದ. ಹೆಂಡತಿಗೆ ಫೋನು ಮಾಡಿ, "ಗಾಲಿ ತಿರಗಾಕತ್ತಾವು," ಎಂದಷ್ಟೇ ಹೇಳಿದ. ಅವಳು ನಕ್ಕದ್ದು ಕೇಳಿಸಿತು.

ಮರಳಿ ಬಂದ ಮೇಲೆ, ಮರುವಾರ, ಮತ್ತೆ ಪಾಳಿ. ಬೆಳಗಿನ ಆರಕ್ಕೆ ಹೆಸರು ಬರೆಸಿದ ಗದಿಗೆಪ್ಪ ಸಂಜೆ ಐದೂ ಐವತ್ತರವರೆಗೆ ಕಾದ. ಊಟದ ಚೀಟಿಯ ಹನ್ನೆರಡು ಗಂಟೆ ತುಂಬಲು ಹತ್ತೇ ನಿಮಿಷ ಉಳಿದಿದ್ದಾಗ ಗೇಟಿನ ಕಾವಲುಗಾರ ಕೂಗಿದ:

"ಗದಿಗೆಪ್ಪಾ, ಲೋಡು ಬಂತು. ಗೋದಾಮಿಗೆ ಗಾಡಿ ಹಚ್ಚು."

ಮಹಾವೀರನು ಧೀರಗಂಭೀರ ಹೆಜ್ಜೆಯಿಟ್ಟು, ಕಬ್ಬಿಣದ ಸಲಾಕೆಯನ್ನು ಹಿಡಿದು, ಮುಂದಿನ ಎಡಗಾಲಿಯ ಬಳಿ ಮಂಡಿಯೂರಿ, ಅದನ್ನು ಬಡಿದು, ಕಿವಿಗೊಟ್ಟು ಕೇಳಿ, ಮತ್ತೆ ಬಡಿದ. ಆಮೇಲೆ ಎರಡನೆಯದು.

"ಏನ್ ಮಾಡಾಕತ್ತೀಯೋ?" ಎಂದ ಕಾವಲುಗಾರ.

"ಗಾಲಿ ನೋಡಾಕತ್ತೇನ್ರಿ. ನೋಡದ ಗಾಡಿ ಹಚ್ಚಬಾರದು ಅಂತ ಕಂಪನಿ ನಿಯಮ ಐತಲ್ರಿ."

ಹತ್ತನೆಯ ಗಾಲಿ ಮುಗಿಯುವಾಗ ತೊರಗಲ್ಲರು ಬಂದು ಪಕ್ಕದಲ್ಲಿ ನಿಂತಿದ್ದರು. ಗಡಿಯಾರ ನೋಡಿಕೊಂಡರು. ಐದೂ ಐವತ್ತೊಂಬತ್ತು. ಗದಿಗೆಪ್ಪ ಸಲಾಕೆ ಕೆಳಗಿಡಲೋ ಬೇಡವೋ ಎಂದು ಅವರ ಮುಖ ನೋಡಿದ.

"ಸ್ಟೆಪ್ನಿ ಯಾರು ನೋಡಬೇಕು?" ಎಂದರು ತೊರಗಲ್ಲರು.

ಗದಿಗೆಪ್ಪ ಸ್ಟೆಪ್ನಿಯನ್ನೂ ನೋಡಿದ. ಸಾಹೇಬರು ಕಿಸೆಯಿಂದ ಚೀಟಿ ತೆಗೆದು, ಗಂಟೆ ಆರು ಎಂದು ಬರೆದು ಸಹಿ ಮಾಡಿದರು. ನಿಂತ ಹೊತ್ತಿಗೆ ಕೂಲಿ ಕೇಳಿ, ಸಾಮ್ರಾಜ್ಯವೊಂದನ್ನು ಕುಳಿತಲ್ಲೇ ನಡುಗಿಸಿದ ಆ ವೀರನು ತನ್ನ ಜೈತ್ರಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕ್ಯಾಂಟೀನಿಗೆ ಹೋದ. ಕ್ಯಾಂಟೀನಿನವನು ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ತಟ್ಟೆಗೆ ಅನ್ನ ಬಡಿಸಿದ.

"ಸಾರು?"

"ಮುಗದೈತಿ."

"ಮಜ್ಜಿಗಿ ಐತೇನ್ರಿ?"

"ಐತಿ. ಚೀಟಿಯೊಳಗ ಬರದಿಲ್ಲ."

ಗದಿಗೆಪ್ಪ ಉಪ್ಪು ಕೇಳಿದ. ಉಪ್ಪು ಸಿಕ್ಕಿತು.