ಯಾವ ತಂಟೆ ತಕರಾರೂ ಇರುವುದಿಲ್ಲ

ನನ್ನ ಹೆಂಡತಿ ಲಕ್ಷ್ಮೀಬಾಯಿಗೆ ನನ್ನ ಬರವಣಿಗೆಯ ಮೇಲೆ ಎಳ್ಳಷ್ಟೂ ಗೌರವವಿಲ್ಲ. ಮೂವತ್ತೊಂದು ವರ್ಷದಿಂದ ಹೊಸಪೇಟೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ಪಾಲುಪತ್ರ, ದಾನಪತ್ರ ಬರೆಯುತ್ತಿರುವವನು ನಾನು. ವೆಂಕೋಬರಾಯರ ಪತ್ರ ಕೋರ್ಟಿನಲ್ಲೂ ಅಲ್ಲಾಡುವುದಿಲ್ಲ ಎಂದು ವಕೀಲರೇ ಹೇಳುತ್ತಾರೆ. (ಹೇಳಿದ್ದು ಬಸವಕುಮಾರ್ ವಕೀಲರೊಬ್ಬರೇ, ಅದೂ ನನ್ನ ಖರ್ಚಿನಲ್ಲಿ ಚಹಾ ಕುಡಿಯುವಾಗ.) ಇಂಥವನು ಬರೆದ ಸಾಮಾನಿನ ಚೀಟಿಯನ್ನು ಅವಳು ಹರಿದುಹಾಕಿ ಮತ್ತೆ ಬರೆಯುತ್ತಾಳೆ.

"ಸದರಿ ತೊಗರಿಬ್ಯಾಳಿ ಅಂತ ಬರದ್ರ ಅಂಗಡ್ಯಾಂವಗ ಏನ್ ತಿಳೀತದ್ರಿ?"

ನಮ್ಮ ಮನೆ ಹೊಸಪೇಟೆಗೆ ಹತ್ತಿರದ ಗಾದಿಗನೂರಿನಲ್ಲಿ, ರಸ್ತೆಗೆ ಅಂಟಿಕೊಂಡೇ ಇದೆ. ಚೀನಾದವರಿಗೆ ಇದ್ದಕ್ಕಿದ್ದಂತೆ ಕಬ್ಬಿಣ ಬೇಕಾದ ಮೇಲೆ ಹಗಲೂ ರಾತ್ರಿ ಅದಿರಿನ ಲಾರಿಗಳು ಓಡತೊಡಗಿದವು, ನಮ್ಮ ಮನೆಯಲ್ಲಿ ಬಿಳಿ ಎಂಬ ಬಣ್ಣವೇ ರದ್ದಾಯಿತು. ಮಾಳಿಗೆಯ ಮೇಲೆ ಹಾಕಿದ ಸಂಡಿಗೆ ಕೆಂಪು, ಹೆಪ್ಪು ಹಾಕಿದ ಮೊಸರು ಕೆಂಪು. ನಾನು ಪಕ್ಕಾ ಸಂಸಾರಿ, ಆದರೆ ನನ್ನ ಮಡಿ ಪಂಚೆ ಹಗ್ಗದ ಮೇಲೆಯೇ ಸನ್ಯಾಸ ತೆಗೆದುಕೊಳ್ಳುತ್ತಿತ್ತು.

ನಗುವಂಥದ್ದಲ್ಲದ ಸಂಗತಿಯೂ ಒಂದಿತ್ತು. ಲಕ್ಷ್ಮಿಯ ಎದೆ ಸೀಟಿ ಹೊಡೆಯತೊಡಗಿತ್ತು. ದೇವರ ಮನೆಯಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆ, ನಡುವೆ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರು, "ಒಂದೋ ಧೂಳು ಹೋಗಬೇಕು, ಇಲ್ಲಾ ಇವ್ರು ಹೋಗಬೇಕು, ಎಲ್ಯಾರ ಛಲೋ ಗಾಳಿಗೆ" ಅಂದರು. ಆಕೆ, "ಮನಿ ನಂದು. ಧೂಳೇ ಹೋಗ್ಲಿ" ಅಂದಳು.

ಆ ಧೂಳಿಗೊಬ್ಬ ಅಣ್ಣ ಬರುವ ಸುದ್ದಿ ಬಂತು. ಊರ ಪಕ್ಕದಲ್ಲೇ ಕಬ್ಬಿಣದ ಕಾರ್ಖಾನೆ! ಆದರೆ ದಿಲ್ಲಿ ಸರ್ಕಾರ ಹಿಂದಿನ ವರ್ಷವಷ್ಟೇ ಹೊಸ ಕಾನೂನು ಹೊರಡಿಸಿತ್ತು. ಇಂಥ ಕಾರ್ಖಾನೆಗೆ ಅನುಮತಿ ಕೊಡುವ ಮುಂಚೆ ಊರಲ್ಲೇ ಅಹವಾಲು ಸಭೆ ಸೇರಿಸಬೇಕು, ಜನರ ತಕರಾರು ಕೇಳಿ ದಾಖಲಿಸಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಓದಿ ನನಗೆ ರೋಮಾಂಚನವಾಯಿತು. ಕಾನೂನು, ತಕರಾರು, ದಾಖಲೆ, ಮೂರೂ ನನ್ನ ಮನೆದೇವರು!

"ನಾ ಹೋಗಿ ಹೇಳ್ತೀನ್ರಿ" ಅಂದಳು ಲಕ್ಷ್ಮಿ. "ಗಾಳಿ ಕೆಂಪಾಗ್ಯದ, ನನಗ ಉಸರಾಡ್ಲಿಕ್ಕೆ ಆಗವಲ್ದು, ಇನ್ನೊಂದು ಬ್ಯಾಡ್ರಿ ಅಂತ. ಅಷ್ಟ."

"ಬಾಯಿಮಾತಿಗೆ ಕಿಮ್ಮತ್ತಿಲ್ಲ ಲಕ್ಷ್ಮೀ. ಬರಹದಾಗ ಇರಬೇಕು."

"ನಿಮ್ಮ ಬರಹಾನ? ಅಯ್ಯ, ಬ್ಯಾಡ್ರಿ!"

"ನೀ ಅಲ್ಲಿ ಕೆಮ್ಮಿಕೋತ ನಿಂತ್ರ ಯಾರು ಕೇಳ್ತಾರ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹೇಳಬಾರದಿತ್ತು ನಾನು.

ನಾಲ್ಕು ಪುಟ ಬರೆದೆ. ಪತ್ರ ಎಂದ ಮೇಲೆ ಚಕ್ಕುಬಂದಿ ಬೇಡವೇ? "ಸದರಿ ಗಾಳಿಗೆ ಪೂರ್ವಕ್ಕೆ ಲಾರಿ, ಪಶ್ಚಿಮಕ್ಕೆ ಲಾರಿ, ಉತ್ತರಕ್ಕೆ ರೈಲು ಹಳಿ, ದಕ್ಷಿಣಕ್ಕೆ ಸಂಡೂರಿನ ಗುಡ್ಡ (ಸದ್ಯಕ್ಕೆ ಉಳಿದಿರುವಷ್ಟು)" ಎಂದು ಹಾಕಿದೆ. ಕೊನೆಯ ಸಾಲುಗಳಿಗೆ ಬರುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅವನ್ನು ಕೈ ತನ್ನಷ್ಟಕ್ಕೆ ತಾನೇ ಬರೆಯಿತು, ಮೂವತ್ತೊಂದು ವರ್ಷದಿಂದ ದಿನಾ ಬರೆಯುವ ಹಾಗೆ. ಸಹಿಯ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿದೆ.

"ಓದಲೇನ್ರಿ?" ಅಂದಳು. ನಾಲ್ಕು ಪುಟ ನೋಡಿಯೇ ಅವಳಿಗೆ ಉಸಿರು ಮೇಲೆ ಬಂತು. "ಇರ್ಲಿ ಬಿಡ್ರಿ, ನೀವು ಬರದೀರಿ ಅಂದ್ರ ಸರಿನ ಇರ್ತದ." ಸಹಿ ಮಾಡಿದಳು. ಮದುವೆಯಾದ ಮೇಲೆ ಮೊದಲ ಸಲ ನನ್ನ ಬರಹವನ್ನು ಅವಳು ಹರಿಯಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಸಭೆಗೆ ದೊಡ್ಡ ಶಾಮಿಯಾನ ಹಾಕಿದ್ದರು. ಊರಿನವರೆಲ್ಲ ಬಂದಿದ್ದರು, ಆದರೆ ಲಿಖಿತ ತಕರಾರು ನಮ್ಮದೊಂದೇ. ಉಳಿದವರ ಮನೆಗೆ ಅದಿರು ಸಾಗಿಸುವ ಸ್ವಂತ ಲಾರಿ ಬಂದಿತ್ತು, ಇಲ್ಲವೇ ಕಾರ್ಖಾನೆಯಲ್ಲಿ ನೌಕರಿಯ ಮಾತು ಬಂದಿತ್ತು. ಸಭೆ ನಡೆಸಲು ಬಂದಿದ್ದ ಸರ್ಕಾರಿ ಸಾಹೇಬರು ಮೈಕಿನಲ್ಲಿ ನಮ್ಮ ಪತ್ರ ಓದಿದರು. ಚಕ್ಕುಬಂದಿಗೆ ಜನ ನಕ್ಕರು, ನಾನು ಹೆಮ್ಮೆಯಿಂದ ಮೀಸೆ ತೀಡಿದೆ. ಅಷ್ಟರಲ್ಲಿ ನಾಲ್ಕನೆಯ ಪುಟದ ಕೊನೆ ಬಂತು.

"...ಇದರಲ್ಲಿ ನನ್ನದಾಗಲಿ, ನನ್ನ ವಾರಸುದಾರರದಾಗಲಿ ಯಾವ ತಂಟೆ ತಕರಾರೂ ಇರುವುದಿಲ್ಲವೆಂದು, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಒಪ್ಪಿ ಬರೆದುಕೊಟ್ಟ ಪತ್ರ ಸಹಿ. ಲಕ್ಷ್ಮೀಬಾಯಿ."

ನಗುತ್ತಿದ್ದ ಜನ ನನ್ನ ಕಡೆ ತಿರುಗಿ ನೋಡಿದರು.

"ಸಾಹೇಬ್ರ, ಅದು ಕೈತಪ್ಪು! ಎಲ್ಲಾ ಪತ್ರಾನೂ ಹಂಗ ಮುಗಸ್ತೀವ್ರಿ!" ಎಂದು ನಾನು ಎದ್ದು ಕೂಗಿದೆ.

ಕಂಪನಿಯ ಕಡೆಯ ಕುರ್ಚಿಯಿಂದ ವಕೀಲರೊಬ್ಬರು ಎದ್ದರು. ನನ್ನ ಚಹಾ ಕುಡಿದ ಅದೇ ಬಸವಕುಮಾರ್! "ಇದನ್ನ ದಾಖಲ್ ಮಾಡ್ರಿ ಸರ್. ವೆಂಕೋಬರಾಯರ ಪತ್ರ ಕೋರ್ಟಿನ್ಯಾಗೂ ಅಲ್ಲಾಡಂಗಿಲ್ಲ."

"ನಿಮ್ಮ ಸಹೀನ ಏನಮ್ಮಾ?" ಎಂದರು ಸಾಹೇಬರು. ಲಕ್ಷ್ಮಿ ಎದ್ದು ನಿಂತಳು. ಅವಳ ಬಳಿ ಆ ಮೂರು ಮಾತು ಇನ್ನೂ ಇದ್ದವು, ಆಡಲು ಬಾಯಿ ತೆರೆದಳು. ಕೆಮ್ಮು ಬಂತು. ಕೆಮ್ಮು ನಿಲ್ಲಲಿಲ್ಲ. ಸಾಹೇಬರು ಸ್ವಲ್ಪ ಕಾದು, ಕೈಗಡಿಯಾರ ನೋಡಿ, ಮುಂದೆ ಮಾತಾಡುವವರ ಹೆಸರು ಕರೆದರು. ಕಾನೂನಿನ ಪುಸ್ತಕದಲ್ಲಿ ಕೆಮ್ಮನ್ನು ದಾಖಲಿಸಲು ಅಂಕಣವಿಲ್ಲ.

ಆಮೇಲೆ ಆ ಸಾಲು ತೆಗೆಸಲು ಮೂರು ಸಲ ಸಾಹೇಬರ ಕಚೇರಿಗೆ ಹೋದೆ. "ಅಹವಾಲಿನ ದಿನ ಮುಗದದ ರಾಯರ" ಅಂದರು. ಕಾರ್ಖಾನೆಯ ಅಡಿಪಾಯ ತೋಡಿದ ವಾರ ಲಕ್ಷ್ಮಿಯ ತಮ್ಮ ಅಕ್ಷೋಭ್ಯ ಬಂದು ಅಕ್ಕನನ್ನು ಕಂಪ್ಲಿಗೆ ಕರೆದುಕೊಂಡು ಹೋದ. ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹಾಲು ಎಷ್ಟು ಹೊತ್ತು ಕಾಯಿಸಬೇಕೆಂದು ಹೇಳಿ ಕಾರು ಹತ್ತಿದಳು. ಈಗ ಹನ್ನೆರಡು ಹೆಜ್ಜೆಯ ಆ ಮನೆಯಲ್ಲಿ ನಾನೊಬ್ಬನೇ ಓಡಾಡುತ್ತೇನೆ. ಎಲ್ಲೂ ನಿಲ್ಲಬೇಕಾದ ಕಾರಣವಿಲ್ಲ, ಆದರೂ ಅವಳು ಹಿಡಿದು ನಿಲ್ಲುತ್ತಿದ್ದ ಗೋಡೆಯ ಹತ್ತಿರ ನಿಲ್ಲುತ್ತೇನೆ.

ಮೊನ್ನೆ ಅಕ್ಷೋಭ್ಯನ ಕೈಯಲ್ಲಿ ಚೀಟಿ ಕಳಿಸಿದ್ದಳು. ಒಂದೇ ಹಾಳೆ, ಅದರಲ್ಲೂ ಅರ್ಧ ಖಾಲಿ.

"ಇಲ್ಲಿ ಗಾಳಿ ಛಲೋ ಅದ. ಎದಿ ಸೀಟಿ ನಿಂತದ. ಆದ್ರ ನನ್ನ ಮನಿ ಗಾದಿಗನೂರಾಗ ಅದ. ಇಲ್ಲಿಗೆ ಸ್ವಸಂತೋಷದಿಂದ ಬಂದಿಲ್ಲ. ನನ್ನ ತಕರಾರು ಅದ. ಲಕ್ಷ್ಮೀಬಾಯಿ."

ಮೂವತ್ತೊಂದು ವರ್ಷದಲ್ಲಿ ಇಂಥ ಪತ್ರ ನಾನು ಒಂದೂ ಬರೆದಿಲ್ಲ. ಕಣ್ಣು ಒರೆಸಿಕೊಂಡು ನೋಡಿದರೆ ಹಾಳೆಯ ತಳದಲ್ಲಿ ಇನ್ನೊಂದು ಸಾಲಿತ್ತು.

"ಇದನ್ನ ಸಾಹೇಬ್ರಿಗೆ ಮುಟ್ಟಸ್ರಿ. ನೀವು ತಿದ್ದಬ್ಯಾಡ್ರಿ."

ಅದನ್ನು ಓದುವ ಹೊತ್ತಿಗೆ ಪೆನ್ನು ನನ್ನ ಕೈಗೆ ಬಂದಾಗಿತ್ತು. "ನನ್ನ ಮನಿ" ಎಂಬುದರ ಮೇಲೆ, ಸಣ್ಣ ಅಕ್ಷರದಲ್ಲಿ, "ಸದರಿ" ಎಂದು ಬರೆದೂ ಆಗಿತ್ತು.